ಮೀಟರ್ 12 ತೋರಿಸುತ್ತದೆ, ಲೈಟ್ ಹತ್ತುವುದಿಲ್ಲ: ಕಾರಿಗೆ ಮನೆಯಲ್ಲೇ ಮಾಡಿದ ಎಲ್‌ಇಡಿ ಕೈಕೊಟ್ಟಾಗ

ನಮ್ಮ ಓಮ್ನಿಯ ಹಿಂಬಾಗಿಲಿಗೆ ನಾನೇ ಮಾಡಿ ಹಾಕಿದ ಲೈಟ್ ಒಂದೇ ಮಳೆಗಾಲದಲ್ಲಿ ಮೂರು ಸಲ ಸತ್ತಿತು. ಮೂರು ಸಲವೂ ನಾನು ಎಲ್‌ಇಡಿಗಳನ್ನೇ ಬದಲಿಸಿದೆ. ಪ್ರತಿ ಸಲ ಎರಡು ವಾರ ಚೆನ್ನಾಗಿ ಹತ್ತಿತು, ಮತ್ತೆ ಆರಿತು. ಆಮೇಲೊಂದು ದಿನ ಕರೆಂಟ್ ಇಲ್ಲದೆ ಮನೆಯಲ್ಲಿ ಸುಮ್ನೆ ಕೂತಿದ್ದಾಗ, ಕಿತ್ತು ಡಬ್ಬಿಗೆ ಹಾಕಿದ್ದ ಹಳೇ ಎಲ್‌ಇಡಿಗಳನ್ನು ಒಂದೊಂದಾಗಿ ಬಟನ್ ಸೆಲ್ಲಿಗೆ ಹಿಡಿದು ನೋಡಿದೆ. ಎಲ್ಲವೂ ಹತ್ತಿದವು. ಒಂದೂ ಕೆಟ್ಟಿರಲಿಲ್ಲ!

ಹಾಗಾದರೆ ಬದಲಿಸಿದ ಮೇಲೆ ಎರಡು ವಾರ ಯಾಕೆ ಹತ್ತುತ್ತಿತ್ತು? ಉತ್ತರ ಸಿಕ್ಕಿದ್ದು ನಾಲ್ಕನೇ ಸಲ. ಅದನ್ನು ಮುಂದೆ ಹೇಳುತ್ತೇನೆ. ಅಷ್ಟರಲ್ಲಿ ಒಂದು ಮಾತು. ನಮ್ಮ ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನಲ್ಲಿಟ್ಟ ಬೆಲ್ಟಿಗೇ ಬೂಸ್ಟು ಬರುತ್ತದೆ. ಇನ್ನು ಗಾಡಿಯ ಅಡಿಯಲ್ಲಿ ಕೆಸರು ನೀರು ಕುಡಿಯುತ್ತಾ ನೇತಾಡುವ ವೈರ್ ಜಾಯಿಂಟ್ ಸುಮ್ಮನಿರುತ್ತದಾ? ಇಲ್ಲಿ ಮನೆಯಲ್ಲಿ ಮಾಡಿದ ಲೈಟ್ ಕೆಟ್ಟರೆ ಎಲ್‌ಇಡಿಯನ್ನು ಕೊನೆಗೆ ಅನುಮಾನಿಸಿ. ಮೊದಲ ಅನುಮಾನ ಜಾಯಿಂಟಿನ ಮೇಲಿರಲಿ, ಅದರಲ್ಲೂ ಅರ್ಥ್ ಜಾಯಿಂಟಿನ ಮೇಲೆ, ಅಂದರೆ ಮೈನಸ್ ವೈರ್ ಗಾಡಿಯ ಲೋಹದ ಬಾಡಿಯನ್ನು ಸೇರುವ ಕಡೆ.

ಇಲ್ಲಿ ಬರೆಯುತ್ತಿರುವುದು ಡಿಕ್ಕಿ ಲೈಟ್, ಸೀಲಿಂಗ್ ಲೈಟ್, ಕಾಲ ಬಳಿಯ ಲೈಟ್, ಹೆಚ್ಚೆಂದರೆ ಜೀಪಿನ ಹಿಂದೆ ಮೂಟೆ ಹೇರುವಾಗ ಬೇಕಾಗುವ ಲೈಟಿನ ಬಗ್ಗೆ. ಹೆಡ್‌ಲೈಟ್ ಮತ್ತು ಬ್ರೇಕ್ ಲೈಟನ್ನು ಮನೆಯಲ್ಲಿ ಮಾಡಬೇಡಿ. ಸಂಪಾಜೆ ಘಾಟಿಯ ಮಂಜಿನಲ್ಲಿ ನಿಮ್ಮ ಬ್ರೇಕ್ ಲೈಟ್ ನಂಬಿಯೇ ಹಿಂದಿನವನು ಬರುತ್ತಿರುತ್ತಾನೆ.

ಲೈಟ್ ಹೇಗಿದೆ ಅಂತ ಮೊದಲು ಲೆಕ್ಕ ಹಾಕಿ

ದೋಷ ಹುಡುಕುವ ಮೊದಲು, ಮಾಡಿದ್ದೇ ಸರಿ ಇದೆಯಾ ನೋಡಬೇಕು. ನನ್ನದು ಪಿವಿಸಿ ಕೇಸಿಂಗ್ ಪಟ್ಟಿಯ ತುಂಡಿನಲ್ಲಿ ಕೂರಿಸಿದ 12 ಬಿಳಿ ಎಲ್‌ಇಡಿ. ಮೂರು ಮೂರರಂತೆ ನಾಲ್ಕು ಸಾಲು. ಪ್ರತಿ ಸಾಲಿನಲ್ಲಿ ಮೂರು ಎಲ್‌ಇಡಿ ಒಂದರ ಹಿಂದೆ ಒಂದು, ಜೊತೆಗೆ ಕರೆಂಟನ್ನು ಮಿತಿಯಲ್ಲಿಡಲು ಒಂದು ರೆಸಿಸ್ಟರ್. ಮಾಮೂಲಿ 5 ಮಿಲಿಮೀಟರ್ ಬಿಳಿ ಎಲ್‌ಇಡಿಗೆ ಸುಮಾರು 3.2 ವೋಲ್ಟ್, 20 ಮಿಲಿಆಂಪಿಯರ್ ಬೇಕು. ಮೂರು ಸೇರಿದರೆ 9.6 ವೋಲ್ಟ್.

ಹೆಚ್ಚಿನವರು ಎಡವುವುದು ಇಲ್ಲೇ. ಕಾರಿನ ಬ್ಯಾಟರಿ 12 ವೋಲ್ಟ್ ಅಂತ ನಂಬಿ ಲೆಕ್ಕ ಹಾಕುತ್ತಾರೆ. 12ರಲ್ಲಿ 9.6 ಕಳೆದರೆ 2.4, ಅದನ್ನು 0.02ರಿಂದ ಭಾಗಿಸಿದರೆ 120 ಓಮ್. ಮನೆಯ 12 ವೋಲ್ಟ್ ಅಡಾಪ್ಟರಿಗೆ ಹಾಕಿ ನೋಡಿದರೆ ಬೆಳದಿಂಗಳ ಹಾಗೆ ಹತ್ತುತ್ತದೆ, ಮನೆಯವರೆಲ್ಲ ಬಂದು ನೋಡಿ ಹೋಗುತ್ತಾರೆ. ಆದರೆ ಎಂಜಿನ್ ಓಡುವಾಗ ಕಾರಿನಲ್ಲಿ ಇರುವುದು 12 ಅಲ್ಲ, 13.8ರಿಂದ 14.4. ಆಗ ಅದೇ 120 ಓಮ್ ದಾಟಿ ಹೋಗುವುದು 40 ಮಿಲಿಆಂಪಿಯರ್, ಅಂದರೆ ಎರಡರಷ್ಟು. ತಕ್ಷಣ ಸುಡುವುದಿಲ್ಲ. ಕೆಲವು ವಾರಗಳಲ್ಲಿ ಬೆಳಕು ನೀಲಿಗೆ ತಿರುಗಿ, ಮಂಕಾಗಿ, ಒಂದೊಂದೇ ಸಾಯುತ್ತದೆ. 'ಟೇಬಲ್ ಮೇಲೆ ಚೆನ್ನಾಗಿತ್ತು, ಕಾರಿಗೆ ಹಾಕಿದ ಮೇಲೆ ಕೆಟ್ಟಿತು' ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ರೆಸಿಸ್ಟರ್ ಎಷ್ಟು ಅಂತ.

14.4ಕ್ಕೇ ಲೆಕ್ಕ ಹಾಕಿ. 4.8 ವೋಲ್ಟ್ ಉಳಿಯುತ್ತದೆ, 240 ಓಮ್ ಬರುತ್ತದೆ. 270 ಹಾಕಿದರೂ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಎಲ್‌ಇಡಿ ಇನ್ನೂ ತಂಪಾಗಿರುತ್ತದೆ. ಕಾಲು ವ್ಯಾಟಿನ ರೆಸಿಸ್ಟರ್ ಸಾಕು. ನಾಲ್ಕು ಬಿಳಿ ಎಲ್‌ಇಡಿಯನ್ನು ಒಂದೇ ಸಾಲಿಗೆ ಹಾಕಿದರೆ 12.8 ವೋಲ್ಟ್ ಬೇಕು. ಎಂಜಿನ್ ಆಫ್ ಮಾಡಿದರೆ ಮಿಣುಕು ಹುಳ. ಅದು ದೋಷ ಅಲ್ಲ, ಲೆಕ್ಕದ ತಪ್ಪು.

ರೆಸಿಸ್ಟರ್ ಬಣ್ಣದ ಪಟ್ಟಿಯನ್ನು ಹಗಲಲ್ಲಿ ಓದಿ. ಕೆಂಪು, ಹಳದಿ, ಕಂದು ಇದ್ದರೆ 240 ಓಮ್. ಕೆಂಪು, ಹಳದಿ, ಕಪ್ಪು ಇದ್ದರೆ 24. ಟಾರ್ಚ್ ಬೆಳಕಿನಲ್ಲಿ ಕಂದು ಯಾವುದು, ಕಪ್ಪು ಯಾವುದು? ನನಗಂತೂ ಗೊತ್ತಾಗಲಿಲ್ಲ. ಒಂದು ಸಾಲು ಪಟ್ ಅಂತ ಹೋದ ಮೇಲೆ ಗೊತ್ತಾಯಿತು. ಈಗ ಪ್ರತಿಯೊಂದನ್ನೂ ಮೀಟರಿನಲ್ಲಿ ಅಳೆದೇ ಹಾಕುತ್ತೇನೆ.

ಇನ್ನೊಂದು ತಪ್ಪು ತುಂಬಾ ಕಾಣುತ್ತದೆ. ಹತ್ತು ಎಲ್‌ಇಡಿಯ ಪ್ಲಸ್ ಎಲ್ಲ ಒಟ್ಟಿಗೆ, ಮೈನಸ್ ಎಲ್ಲ ಒಟ್ಟಿಗೆ ಕಟ್ಟಿ, ಎಲ್ಲಕ್ಕೂ ಸೇರಿ ಒಂದೇ ರೆಸಿಸ್ಟರ್ ಹಾಕುವುದು. ಎಲ್‌ಇಡಿಗಳು ಅವಳಿ ಮಕ್ಕಳಲ್ಲ. ಒಂದು 3.1 ವೋಲ್ಟಿಗೆ ಹತ್ತಿದರೆ ಇನ್ನೊಂದಕ್ಕೆ 3.3 ಬೇಕು. ಕಡಿಮೆ ವೋಲ್ಟಿನದು ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ, ಬಿಸಿಯಾದಂತೆ ಇನ್ನೂ ಹೆಚ್ಚು ಎಳೆಯುತ್ತದೆ, ಸಾಯುತ್ತದೆ. ಅದರ ಪಾಲು ಉಳಿದವಕ್ಕೆ ಬೀಳುತ್ತದೆ. ಒಂದಾದ ಮೇಲೊಂದು ಹೋಗುತ್ತಿದ್ದರೆ ಜಾಯಿಂಟ್ ಹುಡುಕಬೇಡಿ, ಬಿಚ್ಚಿ ಮತ್ತೆ ಕಟ್ಟಿ.

ಮೀಟರ್ ಹೇಳುವ ಸುಳ್ಳು

ಈಗ ನನ್ನ ಓಮ್ನಿಗೆ ಬರುತ್ತೇನೆ.

ಮೂರು ಸಲವೂ ನಾನು ಮಾಡಿದ್ದು ಒಂದೇ ಪರೀಕ್ಷೆ. ಲೈಟಿನ ಎರಡು ವೈರ್ ಬಿಚ್ಚಿ, ಬರುವ ವೈರಿಗೆ ಮಲ್ಟಿಮೀಟರ್ ಇಟ್ಟೆ. 12.4 ವೋಲ್ಟ್. 'ಕರೆಂಟ್ ಬರ್ತಾ ಇದೆ, ಹಾಗಾದ್ರೆ ಎಲ್‌ಇಡಿನೇ ಹೋಗಿದೆ' ಅಂತ ತೀರ್ಮಾನ. ತರ್ಕ ಸರಿ ಇದೆ ಅಲ್ವಾ? ಇಲ್ಲ.

ಡಿಜಿಟಲ್ ಮೀಟರ್ ತನಗೋಸ್ಕರ ಏನೂ ಕರೆಂಟ್ ತೆಗೆದುಕೊಳ್ಳುವುದಿಲ್ಲ ಅಂದರೂ ನಡೆಯುತ್ತದೆ. ಅದರ ಒಳಗಿನ ತಡೆ ಸಾಮಾನ್ಯವಾಗಿ 10 ಮೆಗಾಓಮ್, ಅಂದರೆ ಒಂದು ಕೋಟಿ ಓಮ್. ನಿಮ್ಮ ಜಾಯಿಂಟ್ ಪೂರ್ತಿ ಕಿಲುಬು ಹಿಡಿದು ಲಕ್ಷ ಓಮ್ ಆಗಿದ್ದರೂ, ಕೋಟಿಯ ಮುಂದೆ ಲಕ್ಷ ಏನು ಲೆಕ್ಕ? ಮೀಟರ್ ಹತ್ತಿರ ಹತ್ತಿರ 12.4 ತೋರಿಸಿಯೇ ತೋರಿಸುತ್ತದೆ. ಬಾಡಿಗೆ ಮನೆಯ ನಲ್ಲಿಯಲ್ಲಿ ಒಂದು ಹನಿ ನೀರು ಬಂದರೂ 'ನೀರು ಬರುತ್ತೆ' ಅಂತ ಓನರ್ ಹೇಳುವ ಹಾಗೆ. ಕೊಡ ಇಟ್ಟು ನೋಡಿದರೆ ತಾನೇ ನಿಜ ಗೊತ್ತಾಗುವುದು.

ಇಲ್ಲಿ ಕೊಡ ಅಂದರೆ ಟೆಸ್ಟ್ ಲ್ಯಾಂಪ್. ಪಾರ್ಕಿಂಗ್ ಲೈಟಿನ 5 ವ್ಯಾಟ್ ಬಲ್ಬ್ ಒಂದು, ಹೋಲ್ಡರ್ ಒಂದು, ಎರಡು ಮಾರು ವೈರ್, ತುದಿಗೆ ಎರಡು ಮೊಸಳೆ ಕ್ಲಿಪ್. ಇದು ಸುಮಾರು 0.4 ಆಂಪಿಯರ್ ಎಳೆಯುತ್ತದೆ. ಜಾಯಿಂಟ್ ಚೆನ್ನಾಗಿದ್ದರೆ ಬಲ್ಬ್ ಪ್ರಕಾಶವಾಗಿ ಹತ್ತುತ್ತದೆ. ಕಿಲುಬು ಹಿಡಿದಿದ್ದರೆ ಕೆಂಪಗೆ ಮಂಕಾಗುತ್ತದೆ ಅಥವಾ ಹತ್ತುವುದೇ ಇಲ್ಲ. ನಾಲ್ಕನೇ ಸಲ ಲೈಟ್ ಆರಿದಾಗ ನನ್ನ ಭಾವ ಮನೆಗೆ ಬಂದಿದ್ದರು. ಅವರು ಹಳೇ ಜೀಪು ಇಟ್ಟುಕೊಂಡವರು, ಮೀಟರ್ ಮುಟ್ಟದವರು. 'ಆ ಪೆಟ್ಟಿಗೆ ಆಚೆ ಇಡೋ, ಬಲ್ಬ್ ತಾ' ಅಂದರು. 12.4 ತೋರಿಸುತ್ತಿದ್ದ ಅದೇ ಎರಡು ವೈರಿಗೆ ಬಲ್ಬ್ ಸಿಕ್ಕಿಸಿದರು. ಕತ್ತಲೆ. ಬಲ್ಬ್ ಇಟ್ಟುಕೊಂಡೇ ಮೀಟರ್ ನೋಡಿದೆ. ಸೊನ್ನೆ.

ನನ್ನ ಮೂರು ಸಲದ ರಿಪೇರಿ ಅಲ್ಲಿಗೆ ಮುಗಿಯಿತು.

ಕಳೆದುಹೋದ ವೋಲ್ಟ್ ಹುಡುಕುವುದು

ತಪ್ಪು ಇದೆ ಅಂತ ಬಲ್ಬ್ ಹೇಳಿತು. ಎಲ್ಲಿದೆ ಅಂತ ಹೇಳಲು ಮೀಟರೇ ಬೇಕು. ಆದರೆ ಈ ಸಲ ಏನೂ ಬಿಚ್ಚದೆ, ಲೈಟ್ ಸೇರಿಸಿ, ಸ್ವಿಚ್ ಆನ್ ಇಟ್ಟು ಅಳೆಯಬೇಕು. ಇದೇ ಇಡೀ ಕೆಲಸದ ಜೀವಾಳ.

ಲೈಟ್ ಸೇರಿಸಿದ ಮೇಲೆ ಅದರ ಎರಡು ಕಾಲಿನ ಮಧ್ಯೆ ಅಳೆದರೆ ನನಗೆ ಬಂದದ್ದು ಸುಮಾರು 8 ವೋಲ್ಟ್. ಮೂರು ಬಿಳಿ ಎಲ್‌ಇಡಿ ಇರುವ ಸಾಲಿಗೆ 8 ವೋಲ್ಟ್ ಅಂದರೆ ಹತ್ತಬೇಕೋ ಬೇಡವೋ ಅನ್ನುವ ಹೊಸ್ತಿಲು. ಬ್ಯಾಟರಿಯಲ್ಲಿ 12.4 ಇದೆ, ಲೈಟಿನಲ್ಲಿ 8. ಉಳಿದ 4.4 ವೋಲ್ಟ್ ಯಾರು ತಿಂದರು?

ಬ್ಯಾಟರಿಯ ಪ್ಲಸ್‌ಗೆ ಮೀಟರಿನ ಒಂದು ಕಡ್ಡಿ, ಲೈಟಿನ ಪ್ಲಸ್‌ಗೆ ಇನ್ನೊಂದು. ಮೊದಲ ಕಡ್ಡಿಗೆ ಉದ್ದದ ವೈರ್ ಬೇಕಾಗುತ್ತದೆ. ಬಂದದ್ದು ಬಹುತೇಕ ಸೊನ್ನೆ. ಅಂದರೆ ಪ್ಲಸ್ ದಾರಿ ಪೂರ್ತಿ ಸರಿ ಇದೆ: ಫ್ಯೂಸ್, ಸ್ವಿಚ್, ಉದ್ದದ ವೈರ್, ಎಲ್ಲವೂ. ಈಗ ಬ್ಯಾಟರಿಯ ಮೈನಸ್‌ಗೆ ಒಂದು ಕಡ್ಡಿ, ಲೈಟಿನ ಮೈನಸ್‌ಗೆ ಇನ್ನೊಂದು. 4.4! ಕಳ್ಳ ಅರ್ಥ್ ಕಡೆ ಇದ್ದಾನೆ.

ಇನ್ನು ಹೆಜ್ಜೆ ಹೆಜ್ಜೆಯಾಗಿ ಹೋಗಬೇಕು. ಬ್ಯಾಟರಿ ಮೈನಸ್‌ನಿಂದ ಬಾಡಿಯ ತಗಡಿಗೆ ಅಳೆದೆ, ಬಣ್ಣ ಕೆರೆದ ಜಾಗದಲ್ಲಿ. ಸೊನ್ನೆ. ಅಲ್ಲಿಂದ ಅರ್ಥ್ ಸ್ಕ್ರೂವಿನ ತಲೆಗೆ. ಸೊನ್ನೆ. ಸ್ಕ್ರೂ ಕೆಳಗಿನ ಉಂಗುರದಂಥ ಲಗ್‌ಗೆ. ಸೊನ್ನೆ. ಆ ಲಗ್‌ಗೆ ಒತ್ತಿದ ವೈರಿನ ಮೇಲೆ, ನಾಲ್ಕು ಬೆರಳು ಆಚೆ, ಸೂಜಿ ಚುಚ್ಚಿ ಅಳೆದೆ. 4.4.

ಲಗ್ ಹೊರಗಿನಿಂದ ಹೊಳೆಯುತ್ತಿತ್ತು. ಟೇಪ್ ಸುತ್ತಿತ್ತು. ಕತ್ತರಿಸಿ ವೈರಿನ ಸಿಪ್ಪೆ ಸುಲಿದೆ. ತಾಮ್ರ ಇರಬೇಕಾದ ಜಾಗದಲ್ಲಿ ಹಸಿರು ಪುಡಿ. ಇನ್ನೊಂದು ಇಂಚು ಸುಲಿದೆ, ಕಪ್ಪು. ಇನ್ನೊಂದು ಇಂಚು, ಇನ್ನೂ ಕಪ್ಪು. ಮೂರು ಇಂಚು ಒಳಗೆ ಹೋದ ಮೇಲೆ ತಾಮ್ರದ ಬಣ್ಣ ಕಂಡಿತು. ಎಳೆ ಎಳೆಯಾಗಿರುವ ವೈರ್ ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ನೀರು ಹೀರುತ್ತದೆ. ಸಿಪ್ಪೆಯೊಳಗೆ ಸೇರಿದ ನೀರಿಗೆ ಹೊರಗೆ ಬರುವ ದಾರಿ ಇಲ್ಲ. ಮೇಲೆ ಸುತ್ತಿದ ಟೇಪ್ ನೀರನ್ನು ಹೊರಗಿಡಲಿಲ್ಲ, ಒಳಗೆ ಕೂಡಿಹಾಕಿತು.

ಮತ್ತೆ ಎರಡು ವಾರದ ಗುಟ್ಟು? ಪ್ರತಿ ಸಲ ಎಲ್‌ಇಡಿ ಬದಲಿಸುವಾಗ ಅರ್ಥ್ ಸ್ಕ್ರೂ ಬಿಚ್ಚಿ ಬಿಗಿಯುತ್ತಿದ್ದೆ. ಆಗ ಲಗ್ ತಿರುಗಿ, ಒಳಗಿನ ಎಳೆಗಳು ಒಂದಕ್ಕೊಂದು ಉಜ್ಜಿಕೊಂಡು, ಎಲ್ಲೋ ಒಂದೆರಡು ಕಡೆ ಹೊಸದಾಗಿ ತಾಗುತ್ತಿದ್ದವು. ರಿಪೇರಿ ಮಾಡಿದ್ದು ಸ್ಪ್ಯಾನರ್, ಹೆಸರು ಬಂದದ್ದು ಹೊಸ ಎಲ್‌ಇಡಿಗೆ.

ಅರ್ಥ್ ಜಾಯಿಂಟ್ ಮತ್ತೆ ಮಾಡುವಾಗ ನಾನು ಈಗ ಹೀಗೆ ಮಾಡುತ್ತೇನೆ. ಹೊಳೆಯುವ ತಾಮ್ರ ಸಿಗುವವರೆಗೂ ವೈರ್ ಕತ್ತರಿಸುತ್ತೇನೆ. ಗಿಡ್ಡವಾಯಿತು ಅಂತ ಕಪ್ಪು ತಾಮ್ರಕ್ಕೆ ಸೋಲ್ಡರ್ ಹಿಡಿಸಲು ಒದ್ದಾಡಬೇಡಿ, ಹಿಡಿಯುವುದಿಲ್ಲ. ಲಗ್ ಒತ್ತಿದ ಮೇಲೆ ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ ಕಾಯಿಸುತ್ತೇನೆ. ಅಂಚಿನಲ್ಲಿ ಅಂಟು ಸಣ್ಣ ಮಣಿಯಂತೆ ಹೊರಬಂದರೆ ಸರಿಯಾಗಿ ಮುಚ್ಚಿದೆ ಅಂತ ಅರ್ಥ. ಬಾಡಿಯ ಬಣ್ಣವನ್ನು ಲಗ್ ಅಗಲಕ್ಕೆ ಮಾತ್ರ ಕೆರೆದು, ಬಿಗಿದ ಮೇಲೆ ಗ್ರೀಸ್ ಸವರುತ್ತೇನೆ. ಇಲ್ಲದಿದ್ದರೆ ಕೆರೆದ ಜಾಗದಿಂದಲೇ ತುಕ್ಕು ಶುರುವಾಗುತ್ತದೆ. ಕೊನೆಗೆ ಬ್ಯಾಟರಿ ಮೈನಸ್‌ನಿಂದ ಲೈಟಿನ ಮೈನಸ್‌ವರೆಗೆ, ಲೈಟ್ ಹತ್ತಿರುವಾಗಲೇ ಅಳೆಯುತ್ತೇನೆ. 0.1 ವೋಲ್ಟಿಗಿಂತ ಕಡಿಮೆ ಬಂದರೆ ಮಾತ್ರ ಪ್ಯಾನೆಲ್ ಮುಚ್ಚುತ್ತೇನೆ.

ಸಿಲಿಕೋನ್ ಬಗ್ಗೆ ಒಂದು ಎಚ್ಚರಿಕೆ. ಅಕ್ವೇರಿಯಮ್, ಗಾಜಿಗೆ ಹಾಕುವ ಅಗ್ಗದ ಸಿಲಿಕೋನ್ ಟ್ಯೂಬ್ ಹಿಂಡಿದಾಗ ವಿನೆಗರ್ ವಾಸನೆ ಬಂದರೆ ಅದನ್ನು ವೈರಿನ ಹತ್ತಿರ ತರಬೇಡಿ. ಅದು ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಆಮ್ಲ ತಾಮ್ರವನ್ನೇ ತಿನ್ನುತ್ತದೆ. ನೀರು ತಡೆಯಲು ಹಾಕಿದ್ದೇ ಕಿಲುಬು ತರಿಸುತ್ತದೆ. ನ್ಯೂಟ್ರಲ್ ಅಂತ ಬರೆದಿರುವ, ಹುಳಿ ವಾಸನೆ ಬಾರದ ಟ್ಯೂಬ್ ಕೇಳಿ ತೆಗೆದುಕೊಳ್ಳಿ.

ಬಾಗಿಲು ತೆರೆದರೆ ಆರುವ ಲೈಟ್

ಪಕ್ಕದ ತೋಟದ ಅಣ್ಣ ಒಂದು ಸಂಜೆ ಬಂದರು. ಅವರ ವ್ಯಾನಿನ ಹಿಂಬಾಗಿಲ ಒಳಮೈಗೆ ನನ್ನದೇ ನೋಡಿ ಲೈಟ್ ಮಾಡಿಸಿಕೊಂಡಿದ್ದರು. 'ಬಾಗಿಲು ಹಾಕಿದ್ರೆ ಹತ್ತುತ್ತೆ ಕಣೋ, ತೆಗೆದ್ರೆ ಆರುತ್ತೆ. ಮೂಟೆ ಒಳಗೆ ಕೂತು ಪೇಪರ್ ಓದುತ್ತಾ?' ಅಂದರು. ನಗು ಬಂತು. ಆದರೆ ಹಾಗೆ ಹೇಳಿದಾಗಲೇ ಅರ್ಧ ಕೆಲಸ ಮುಗಿದಿತ್ತು.

ಯಾವಾಗ ಆರುತ್ತದೆ ಅನ್ನುವುದು ಎಲ್ಲಿ ಕೆಟ್ಟಿದೆ ಅಂತ ಹೇಳಿಬಿಡುತ್ತದೆ. ಬಾಗಿಲು ಆಡಿಸಿದಾಗ ಆದರೆ ಕೀಲಿನ ಹತ್ತಿರದ ವೈರ್. ಗುಂಡಿಗೆ ಬಿದ್ದಾಗ ಆದರೆ ಲೂಸ್ ಕಾಂಟ್ಯಾಕ್ಟ್. ನಮ್ಮ ತೋಟದ ದಾರಿಯಲ್ಲಿ ಗುಂಡಿಗೆ ಬರ ಇಲ್ಲ, ಪರೀಕ್ಷೆಗೆ ಒಳ್ಳೆಯದು. ಗಾಡಿ ತೊಳೆದ ಮೇಲೆ, ಮಳೆ ಬಂದ ಮೇಲೆ ಆದರೆ ನೀರು. ಹತ್ತು ನಿಮಿಷ ಹತ್ತಿ ಆಮೇಲೆ ಮಂಕಾದರೆ ಬಿಸಿ. ಎಂಜಿನ್ ಜೋರಾಗಿ ಓಡಿಸಿದಾಗ ಸತ್ತರೆ ವೋಲ್ಟೇಜ್.

ಬಾಗಿಲಿನ ಕೀಲು ದಾಟುವ ವೈರ್ ದಿನಕ್ಕೆ ಹತ್ತು ಸಲ ಮಡಚಿ ಬಿಚ್ಚುತ್ತದೆ. ಹೊರಗಿನ ಸಿಪ್ಪೆ ಹಾಗೇ ಇರುತ್ತದೆ, ಒಳಗಿನ ತಾಮ್ರ ತುಂಡಾಗಿರುತ್ತದೆ. ಬಾಗಿಲು ಹಾಕಿದಾಗ ತುಂಡುಗಳು ತಾಗುತ್ತವೆ, ತೆರೆದಾಗ ಬಿಡುತ್ತವೆ. ಹುಡುಕುವುದು ಸುಲಭ. ವೈರನ್ನು ಎರಡು ಕೈಯಲ್ಲಿ ಹಿಡಿದು ಇಂಚು ಇಂಚಾಗಿ ಮೆಲ್ಲಗೆ ಎಳೆಯಿರಿ. ತಾಮ್ರ ಇರುವ ಕಡೆ ಗಟ್ಟಿ. ತುಂಡಾದ ಕಡೆ ಬರೀ ಸಿಪ್ಪೆ, ರಬ್ಬರ್ ಬ್ಯಾಂಡಿನ ಹಾಗೆ ಹಿಗ್ಗುತ್ತದೆ. ಅಣ್ಣನ ವ್ಯಾನಿನಲ್ಲಿ ಕೀಲಿನಿಂದ ಎರಡು ಬೆರಳು ಕೆಳಗೆ ಹಿಗ್ಗಿತು.

ಅಲ್ಲೇ ಸೋಲ್ಡರ್ ಮಾಡಿ ಜೋಡಿಸಿದರೆ ಮತ್ತೆ ಮುರಿಯುತ್ತದೆ. ಸೋಲ್ಡರ್ ಹಿಡಿದ ಭಾಗ ಕಡ್ಡಿಯಂತೆ ಗಟ್ಟಿಯಾಗುತ್ತದೆ, ಅದು ಮುಗಿಯುವ ಅಂಚಿನಲ್ಲಿ ವೈರ್ ಬಾಗಿ ಬಾಗಿ ತುಂಡಾಗುತ್ತದೆ. ಕೀಲು ದಾಟುವ ಭಾಗ ಪೂರ್ತಿ ಹೊಸ ವೈರ್ ಇರಲಿ. ತುಂಬಾ ಎಳೆ ಇರುವ, ಮೆತ್ತಗಿನ ವೈರ್. ಜಾಯಿಂಟುಗಳು ಕೀಲಿನ ಆಚೆ ಈಚೆ, ಅಲುಗಾಡದ ಜಾಗದಲ್ಲಿ ಬರಲಿ. ತಗಡಿನ ತೂತು ದಾಟುವಲ್ಲಿ ಗ್ರಾಮೆಟ್ ಅನ್ನುವ ರಬ್ಬರ್ ಉಂಗುರ ಹಾಕಲೇಬೇಕು. ತಗಡಿನ ಅಂಚು ಬ್ಲೇಡಿದ್ದ ಹಾಗೆ.

ಫ್ಯೂಸ್ ಹೋಗುತ್ತಿದ್ದರೆ

80 ಮಿಲಿಆಂಪಿಯರ್ ಎಳೆಯುವ ಲೈಟಿಗೆ 1 ಆಂಪಿಯರ್ ಫ್ಯೂಸ್ ಧಾರಾಳ. ಅದು ಹೋದರೆ ಎಲ್ಲೋ ಶಾರ್ಟ್ ಇದೆ. ಫ್ಯೂಸ್ ಬದಲು ಬೆಳ್ಳಿ ಕಾಗದ ಸುತ್ತುವವರನ್ನು ನೋಡಿದ್ದೇನೆ. ಅವರಿಗೆ ಹೇಳುವುದೇನೂ ಇಲ್ಲ, ಗಾಡಿಯ ಹತ್ತಿರ ಒಂದು ಬಕೆಟ್ ಮರಳು ಇಟ್ಟುಕೊಳ್ಳಿ ಅಷ್ಟೇ.

ಇಲ್ಲೂ ಟೆಸ್ಟ್ ಲ್ಯಾಂಪ್ ಬೇಕು. ಫ್ಯೂಸ್ ತೆಗೆದು, ಅದು ಕೂರುತ್ತಿದ್ದ ಜಾಗದ ಎರಡು ತುದಿಗೆ ಬಲ್ಬಿನ ಎರಡು ಕ್ಲಿಪ್ ಹಾಕಿ. ಶಾರ್ಟ್ ಇರುವಷ್ಟು ಹೊತ್ತು ಬಲ್ಬ್ ಪೂರ್ತಿ ಹತ್ತಿರುತ್ತದೆ, ವೈರ್ ಸುಡುವುದಿಲ್ಲ. ಈಗ ವೈರ್ ಹೋಗುವ ದಾರಿಯಲ್ಲಿ ಒಂದೊಂದೇ ಕಡೆ ಅಲುಗಾಡಿಸುತ್ತಾ ಹೋಗಿ. ಬಲ್ಬ್ ಮಿಣುಕಿದ ಜಾಗದಲ್ಲಿ ನಿಲ್ಲಿ. ನಮ್ಮ ಜೀಪಿನಲ್ಲಿ ಅದು ಸೀಟಿನ ಕಂಬಿಯ ಕೆಳಗೆ ಸಿಕ್ಕಿತು. ಯಾರೋ ಸೀಟು ಹಿಂದೆ ತಳ್ಳಿದಾಗ ವೈರ್ ಸಿಕ್ಕಿಹಾಕಿಕೊಂಡಿತ್ತು. ಇನ್ನೊಬ್ಬರದರಲ್ಲಿ ಇಲಿ ಕಡಿದಿತ್ತು. ಮಳೆಗಾಲದಲ್ಲಿ ನಾಲ್ಕು ದಿನ ಗಾಡಿ ತೆಗೆಯದೆ ಶೆಡ್ಡಿನಲ್ಲಿಟ್ಟರೆ ಬಾನೆಟ್ ಒಳಗೆ ಇಲಿ ಸಂಸಾರ ಹೂಡುತ್ತದೆ, ನಿಮಗೂ ಗೊತ್ತಿರುತ್ತದೆ.

ಫ್ಯೂಸ್ ಇರಬೇಕಾದ್ದು ಬ್ಯಾಟರಿಯ ಪಕ್ಕದಲ್ಲಿ, ಲೈಟಿನ ಪಕ್ಕದಲ್ಲಲ್ಲ. ಅದು ಕಾಯುವುದು ಮಧ್ಯದ ವೈರನ್ನು. ಅಳೆಯುವುದು ಮುಗಿದು, ವೈರ್ ಕತ್ತರಿಸುವ, ಜೋಡಿಸುವ ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಪ್ಲಸ್ ಮೊದಲು ಬಿಚ್ಚಲು ಹೋದರೆ ಸ್ಪ್ಯಾನರ್ ಬಾಡಿಗೆ ತಾಗಿ ಕಿಡಿ ಹಾರುತ್ತದೆ. ಏರ್‌ಬ್ಯಾಗ್ ಇರುವ ಕಾರಾದರೆ ಹಳದಿ ಕನೆಕ್ಟರ್, ಹಳದಿ ಕೊಳವೆಯ ವೈರಿಗೆ ಸೂಜಿಯನ್ನಾಗಲಿ ಬಲ್ಬನ್ನಾಗಲಿ ತಾಗಿಸಲೇಬೇಡಿ. ಅದು ಏರ್‌ಬ್ಯಾಗಿನ ದಾರಿ.

ಆಫ್ ಮಾಡಿದರೂ ಆರದ ಲೈಟ್

ಇದಕ್ಕೆ ಹೆದರಿ ಫೋನ್ ಮಾಡುವವರು ಜಾಸ್ತಿ. ಎರಡು ಬಗೆ ಇದೆ.

ಪೂರ್ತಿ ಬೆಳಕಿನಲ್ಲೇ ಹತ್ತಿಕೊಂಡಿದ್ದರೆ, ಸೀಲಿಂಗ್ ಲೈಟಿನಿಂದ ಪ್ಲಸ್ ತೆಗೆದು, ಮೈನಸನ್ನು ಗಾಡಿಯ ಬಾಡಿಗೆ ಸೇರಿಸಿದ್ದೀರಿ. ತುಂಬಾ ಕಾರುಗಳಲ್ಲಿ ಬಾಗಿಲಿನ ಸ್ವಿಚ್ ಇರುವುದು ಮೈನಸ್ ಕಡೆ. ಪ್ಲಸ್ ಯಾವಾಗಲೂ ಇರುತ್ತದೆ, ಬಾಗಿಲು ತೆರೆದಾಗ ಮೈನಸ್ ಕೂಡುತ್ತದೆ. ನಿಮ್ಮ ಲೈಟಿನ ಮೈನಸನ್ನೂ ಬಾಡಿಯಿಂದ ಬಿಡಿಸಿ, ಸೀಲಿಂಗ್ ಲೈಟಿನ ಸ್ವಿಚ್ ಬರುವ ವೈರಿಗೇ ಕೊಡಿ. ಇದನ್ನು ಗಮನಿಸದೆ ಬಿಟ್ಟರೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಒಂದು ಮೀಟರ್ ಉದ್ದಕ್ಕೆ 14.4 ವ್ಯಾಟ್ ಎಳೆಯುವ ಎಲ್‌ಇಡಿ ಪಟ್ಟಿ ಒಂದು ಮೀಟರ್ ಇದ್ದರೆ 1.2 ಆಂಪಿಯರ್. ಹತ್ತು ಗಂಟೆಯಲ್ಲಿ 12 ಆಂಪಿಯರ್-ಅವರ್. 35 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಮೂರರಲ್ಲಿ ಒಂದು ಪಾಲು ಹೋಯಿತು. ಮಡಿಕೇರಿಯ ಚಳಿಗೆ ಹಳೇ ಬ್ಯಾಟರಿ ಇಷ್ಟು ಸಾಲ ತಡೆಯುವುದಿಲ್ಲ.

ಕತ್ತಲಲ್ಲಿ ಮಾತ್ರ ಕಾಣುವ ಮಿಣಿ ಮಿಣಿ ಬೆಳಕಾದರೆ ಬೇರೆ ಕಥೆ. ಎಲ್‌ಇಡಿಗೆ ಮಿಣುಕಲು ತುಂಬಾ ಚೂರು ಕರೆಂಟ್ ಸಾಕು. ಒಳಗೆ ದೀಪ ಇರುವ ಸ್ವಿಚ್ಚಿನಿಂದ ಆ ದೀಪದ ಮೂಲಕ ಸೋರಬಹುದು, ಒದ್ದೆಯಾದ ಕನೆಕ್ಟರಿನಲ್ಲಿ ಪ್ಲಸ್‌ನಿಂದ ಪಕ್ಕದ ಪಿನ್ನಿಗೆ ಸೋರಬಹುದು. ಹೊಸ ಕಾರುಗಳಲ್ಲಿ ಬಲ್ಬ್ ಹೋಗಿದೆಯಾ ಅಂತ ಕಂಪ್ಯೂಟರ್ ಆಗಾಗ ಸಣ್ಣ ಕರೆಂಟ್ ಕಳಿಸಿ ನೋಡುತ್ತದೆ, ಅದಕ್ಕೂ ಎಲ್‌ಇಡಿ ಮಿಣುಕುತ್ತದೆ. ಕನೆಕ್ಟರ್ ಒಣಗಿಸಿ ನೋಡಿ. ನಿಲ್ಲದಿದ್ದರೆ ಲೈಟಿನ ಎರಡು ಕಾಲಿನ ಮಧ್ಯೆ 1 ಕಿಲೋಓಮ್, ಅರ್ಧ ವ್ಯಾಟಿನ ರೆಸಿಸ್ಟರ್ ಹಾಕಿದರೆ ಸೋರಿದ್ದು ಅದರಲ್ಲೇ ಹರಿದುಹೋಗುತ್ತದೆ.

ಪಟ್ಟಿಯಲ್ಲಿ ಮೂರು ಮಾತ್ರ ಹತ್ತದಿದ್ದರೆ

ರೆಡಿಮೇಡ್ 12 ವೋಲ್ಟ್ ಪಟ್ಟಿಯಲ್ಲೂ ಮೂರು ಮೂರರ ಗುಂಪೇ ಇರುತ್ತದೆ. ಮೂರು ಒಟ್ಟಿಗೆ ಹೋದರೆ ಆ ಗುಂಪಿನ ಒಂದು ಎಲ್‌ಇಡಿ ಅಥವಾ ರೆಸಿಸ್ಟರ್ ಬಿಟ್ಟಿದೆ. ಒಂದು ಕಡೆಯಿಂದ ಕೊನೆಯವರೆಗೂ ಎಲ್ಲ ಹೋದರೆ ಆ ಗಡಿಯಲ್ಲಿ ತಾಮ್ರದ ಪಟ್ಟೆ ಸೀಳಿದೆ, ಹೆಚ್ಚಾಗಿ ಮಡಚಿದ ಜಾಗದಲ್ಲಿ. ಕತ್ತರಿ ಗುರುತು ಇರುವಲ್ಲೇ ಕತ್ತರಿಸಬೇಕು.

ಮಡಿಕೇರಿ ದಸರಾ ಮುಗಿದ ಮೇಲೆ ಎಲ್‌ಇಡಿ ಪಟ್ಟಿಯ ತುಂಡುಗಳು ಕೈಯಿಂದ ಕೈಗೆ ಓಡಾಡುತ್ತವೆ. ಹತ್ತು ಮಂಟಪ, ರಾತ್ರಿಯಿಡೀ ಮೆರವಣಿಗೆ, ಅಷ್ಟೊಂದು ಬೆಳಕು. ಉಳಿದ ತುಂಡು ಯಾರಿಗಾದರೂ ಸಿಕ್ಕೇ ಸಿಗುತ್ತದೆ. ನನಗೂ ಸಿಕ್ಕಿತ್ತು. ಕಾರಿಗೆ ಕೊಟ್ಟೆ, ಒಂದು ಮಿಂಚು, ಆಮೇಲೆ ಕತ್ತಲೆ. ತಿರುಗಿಸಿ ನೋಡಿದರೆ 5 ವೋಲ್ಟ್ ಅಂತ ಬರೆದಿತ್ತು. ಬಣ್ಣ ಓಡಾಡುವ ಪಟ್ಟಿಗಳಲ್ಲಿ 5 ವೋಲ್ಟಿನವು ತುಂಬಾ ಇರುತ್ತವೆ. ಮೂರು ಅಥವಾ ನಾಲ್ಕು ಕಾಲು ಕಂಡರೆ ಮೊದಲು ಓದಿ, ಆಮೇಲೆ ಕೊಡಿ.

ಇಂಡಿಕೇಟರ್ ಪಟಪಟ ಹೊಡೆದುಕೊಂಡರೆ

ಇಂಡಿಕೇಟರಿನ 21 ವ್ಯಾಟ್ ಬಲ್ಬ್ ತೆಗೆದು ಎಲ್‌ಇಡಿ ಹಾಕಿದ್ದೀರಿ, ಅಷ್ಟೇ. ಬಲ್ಬ್ ಎಳೆಯುತ್ತಿದ್ದದ್ದು 1.75 ಆಂಪಿಯರ್, ಎಲ್‌ಇಡಿ ಎಳೆಯುವುದು ಅದರ ಚೂರು. ಬಲ್ಬ್ ಹೋಗಿದೆ ಅಂತ ಫ್ಲ್ಯಾಶರ್, ಅಂದರೆ ಇಂಡಿಕೇಟರನ್ನು ಹತ್ತಿಸಿ ಆರಿಸುವ ಡಬ್ಬಿ, ತಿಳಿದುಕೊಂಡು ಬೇಗ ಬೇಗ ಹೊಡೆಯುತ್ತದೆ. 6 ಓಮ್, 50 ವ್ಯಾಟಿನ ರೆಸಿಸ್ಟರ್ ಜೊತೆಗೆ ಹಾಕುವುದು ಒಂದು ದಾರಿ. ಅದು ಕೈ ಸುಡುವಷ್ಟು ಬಿಸಿಯಾಗುತ್ತದೆ, ಪ್ಲಾಸ್ಟಿಕ್ಕಿಗೆ ತಾಗಿಸಬಾರದು. ಎಲ್‌ಇಡಿಗೆಂದೇ ಬರುವ ಎಲೆಕ್ಟ್ರಾನಿಕ್ ಫ್ಲ್ಯಾಶರ್ ಹಾಕುವುದು ಇನ್ನೊಂದು ದಾರಿ, ನನ್ನ ಮಟ್ಟಿಗೆ ಅದೇ ಸರಿ. ಹಳೇ ಬಲ್ಬನ್ನೇ ವಾಪಸ್ ಹಾಕುವುದು ಎಲ್ಲಕ್ಕಿಂತ ಸುಲಭ.

ಎಲ್ಲ ಸರಿ ಇದ್ದೂ ಎಲ್‌ಇಡಿ ಸಾಯುತ್ತಿದ್ದರೆ

ಲೆಕ್ಕ ಸರಿ, ಜಾಯಿಂಟ್ ಸರಿ, ಆದರೂ ಎಲ್‌ಇಡಿ ನಿಜವಾಗಿ ಸಾಯುತ್ತಿದೆ ಅಂದರೆ ಎಂಜಿನ್ ಓಡಿಸಿ ಬ್ಯಾಟರಿಯ ಮೇಲೆ ಅಳೆಯಿರಿ, ಆಕ್ಸಿಲರೇಟರ್ ಒತ್ತಿಸಿ ನೋಡಿ. 15 ವೋಲ್ಟ್ ದಾಟಿದರೆ ನಿಮ್ಮ ಲೈಟಿನ ತಪ್ಪಲ್ಲ, ವೋಲ್ಟೇಜನ್ನು ಹತೋಟಿಯಲ್ಲಿಡುವ ಗಾಡಿಯ ರೆಗ್ಯುಲೇಟರ್ ಕೆಟ್ಟಿದೆ. ಭಾವನ ಜೀಪಿನಲ್ಲಿ ಹೀಗೇ ಇತ್ತು. ಹೆಡ್‌ಲೈಟ್ ಬಲ್ಬ್ ವರ್ಷಕ್ಕೆ ಎರಡು ಸಲ ಹೋಗುತ್ತಿದ್ದದ್ದಕ್ಕೂ ಅದೇ ಕಾರಣ.

1 ವ್ಯಾಟಿನ ದೊಡ್ಡ ಎಲ್‌ಇಡಿಯಾದರೆ ಅಲ್ಯೂಮಿನಿಯಂ ತಗಡಿನ ಮೇಲೆ ಕೂರಿಸಲೇಬೇಕು, ಬರೀ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಬೇಯುತ್ತದೆ. ಪ್ಲಸ್ ವೈರಿನಲ್ಲಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ 1ಎನ್4007 ಡಯೋಡ್ ಒಂದು ಹಾಕಿಡಿ. ಯಾರಾದರೂ ಬ್ಯಾಟರಿ ಉಲ್ಟಾ ಹಾಕಿದರೂ ಲೈಟ್ ಉಳಿಯುತ್ತದೆ. ಎಲ್‌ಇಡಿ ಉಲ್ಟಾ ವೋಲ್ಟೇಜ್ ಜಾಸ್ತಿ ತಡೆಯುವುದಿಲ್ಲ, ಒಂದಕ್ಕೆ ಸುಮಾರು 5 ವೋಲ್ಟ್ ಅಷ್ಟೇ.

ಬಕೆಟ್ ಪರೀಕ್ಷೆ

ಮುಚ್ಚುವ ಮೊದಲು ಕೊನೆಯ ಪರೀಕ್ಷೆ. ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆಗೆ ಕಾಯಬೇಡಿ, ಅದು ಬಂದಾಗ ಜಗಲಿಯಿಂದ ಇಳಿಯಲು ಮನಸ್ಸೇ ಬರುವುದಿಲ್ಲ. ಲೈಟ್ ಹತ್ತಿಸಿ, ಲೈಟಿನ ವೈರಿಗೆ ಮೀಟರ್ ಕಟ್ಟಿ, ಮೇಲಿನಿಂದ ಚೊಂಬಿನಲ್ಲಿ ನಿಧಾನ ನೀರು ಸುರಿಯಿರಿ. ಪೆಟ್ಟಿಗೆಗೆ ವೈರ್ ಹೋಗುವ ಮೊದಲು ಅದನ್ನು ಒಂದು ಗೇಣು ಕೆಳಗೆ ಇಳಿಸಿ, ಮತ್ತೆ ಮೇಲೆ ಏರಿಸಿರಬೇಕು. ಆಗ ವೈರ್ ಹಿಡಿದು ಬಂದ ನೀರು ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ನುಗ್ಗುವುದಿಲ್ಲ. ಪೆಟ್ಟಿಗೆಯ ಅಡಿಯಲ್ಲಿ ಬೆಂಕಿಕಡ್ಡಿ ಗಾತ್ರದ ಒಂದು ತೂತು ಬಿಡಿ. ಎಷ್ಟೇ ಮುಚ್ಚಿದರೂ ನಮ್ಮ ಮಂಜು ಒಳಗೆ ಹೋಗಿ ನೀರಾಗುತ್ತದೆ, ಅದು ಇಳಿದುಹೋಗಲು ದಾರಿ ಬೇಕು.

ನನ್ನ ಓಮ್ನಿಗೆ ಎರಡು ಬಕೆಟ್ ಸುರಿದೆ. ಮೀಟರ್ 12.3ರಲ್ಲೇ ನಿಂತಿತ್ತು. ಭಾವ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ನೋಡುತ್ತಿದ್ದರು. 'ಸರಿ, ನಾಳೆ ಜೀಪ್ ತರ್ತೀನಿ' ಅಂದರು. ಸಿದ್ದಾಪುರದ ಕಡೆ ಅವರ ತೋಟದ ದಾರಿಯಲ್ಲಿ ಸಂಜೆಯಾದರೆ ಆನೆ ಇಳಿಯುತ್ತದೆ, ಹಿಂದಿನ ಲೈಟ್ ಮೂರು ತಿಂಗಳಿಂದ ಇಲ್ಲವಂತೆ. ಮರುದಿನ ಜೀಪಿನ ಅಡಿಗೆ ಮಲಗಿದಾಗ ಮೊದಲು ಕೈ ಹಾಕಿದ್ದು ಅರ್ಥ್ ಲಗ್‌ಗೆ. ಮುಟ್ಟಿದ ಕೂಡಲೇ ಕೈಗೇ ಬಂತು.